ಡೆಂಗ್ಯೂ ರಿಪೋರ್ಟಿನ ಎನ್‌ಎಸ್‌1: ವೈರಸ್ಸಿನ ಮೈಯಲ್ಲಿ ಇಲ್ಲದ ಪ್ರೋಟೀನಿನ ಕೆಲಸ ಏನು?

ಮಳೆಗಾಲ ಶುರುವಾಗಿ ಕೆಲವು ವಾರ ಕಳೆಯುತ್ತಿದ್ದಂತೆ ಹುಬ್ಬಳ್ಳಿ-ಧಾರವಾಡದ ಲ್ಯಾಬುಗಳಲ್ಲಿ ಜ್ವರದವರ ಸಂಖ್ಯೆ ಏರುತ್ತದೆ. ನಲ್ಲಿ ನೀರು ಕೆಲವು ದಿನಗಳಿಗೊಮ್ಮೆ ಬರುವ ಓಣಿಗಳಲ್ಲಿ ಜನ ಡ್ರಮ್ಮು, ಸಿಂಟೆಕ್ಸು, ನೆಲದ ತೊಟ್ಟಿಗಳಲ್ಲಿ ನೀರು ತುಂಬಿಡಲೇಬೇಕು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಮುಚ್ಚಳ ಇಲ್ಲದ ಅಂಥ ತಿಳಿನೀರೇ ಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಎಂದೇ ಘೋಷಿಸಿತು. ಪರೀಕ್ಷೆಗೆ ಖಾಸಗಿಯವರು ಎಷ್ಟು ತೆಗೆದುಕೊಳ್ಳಬಹುದು ಎಂದೂ ಗೊತ್ತು ಮಾಡಿತು: ಎನ್‌ಎಸ್‌1 ಹುಡುಕುವ ಎಲೈಸಾ ಎಂಬ ಲ್ಯಾಬ್ ಪರೀಕ್ಷೆಗೆ 300 ರೂಪಾಯಿ, ಐಜಿಎಂ ಎಂಬ ಪ್ರತಿಕಾಯ ಹುಡುಕುವ ಎಲೈಸಾಕ್ಕೆ 300, ಎಲ್ಲವನ್ನೂ ಒಟ್ಟಿಗೆ ನೋಡುವ ಕಾರ್ಡ್ ಟೆಸ್ಟಿಗೆ 250.

ಹಾಗಾಗಿ ‘ಎನ್‌ಎಸ್‌1’ ಎನ್ನುವುದು ಈಗ ಮನೆಮನೆಯ ಮಾತು. ‘ಎನ್‌ಎಸ್‌1 ಪಾಸಿಟಿವ್ ಬಂದಿದೆ’ ಎಂದರೆ ರಕ್ತದಲ್ಲಿ ವೈರಸ್ ಕಂಡಿತು ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಆದರೆ ಡೆಂಗ್ಯೂ ವೈರಸ್ ಕಣವೊಂದನ್ನು ಹಿಡಿದು ಬಿಚ್ಚಿ ನೋಡಿದರೆ ಅದರಲ್ಲಿ ಎಲ್ಲೂ ಎನ್‌ಎಸ್‌1 ಸಿಗುವುದಿಲ್ಲ. ಅದು ವೈರಸ್ ನಮ್ಮ ಮೈಯೊಳಗೆ ಬಂದ ಮೇಲೆ, ನಮ್ಮದೇ ಜೀವಕೋಶದಲ್ಲಿ ಮಾಡಿಸಿಕೊಳ್ಳುವ ಪ್ರೋಟೀನು. ಹೊಸ ವೈರಸ್ ಕಣಗಳು ಹೊರಟಾಗ ಅದು ಅವುಗಳ ಜೊತೆ ಹೋಗುವುದಿಲ್ಲ. ಇಂಥ ಪ್ರೋಟೀನುಗಳಿಗೆ ‘ರಚನೇತರ ಪ್ರೋಟೀನು’ ಎನ್ನುತ್ತಾರೆ. ಇಂಗ್ಲಿಷಿನ ನಾನ್‌ಸ್ಟ್ರಕ್ಚರಲ್ ಎನ್ನುವುದೇ ಚಿಕ್ಕದಾಗಿ ಎನ್‌ಎಸ್.

ತನ್ನ ಮೈಯಲ್ಲೇ ಇಲ್ಲದ ಪ್ರೋಟೀನನ್ನು ವೈರಸ್ ಯಾಕೆ ಮಾಡಿಸುತ್ತದೆ? ಡಾಕ್ಟರು ಅದನ್ನೇ ಯಾಕೆ ಹುಡುಕುತ್ತಾರೆ? ಇದನ್ನು ತಿಳಿದರೆ ರಿಪೋರ್ಟ್ ಓದುವುದು ಸುಲಭ. ಔಷಧ, ಲಸಿಕೆ, ದನಕರುಗಳ ಕಾಲುಬಾಯಿ ಬೇನೆಯ ಪರೀಕ್ಷೆ ಕೂಡ ಇದೇ ದಾರಿಯಲ್ಲಿ ಅರ್ಥವಾಗುತ್ತವೆ.

ಕಣದಲ್ಲಿ ಇರುವುದು ಮೂರೇ

ಡೆಂಗ್ಯೂ ವೈರಸ್ ಬಹಳ ಚಿಕ್ಕದು. ಅಡ್ಡಳತೆ ಸುಮಾರು 50 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನೊಳಗೆ 20,000 ಕಣಗಳನ್ನು ಸಾಲಾಗಿ ಇಡಬಹುದು. ಅದರ ನಡುವೆ ಆರ್‌ಎನ್‌ಎ ಎಂಬ ಎಳೆ ಇದೆ. ವೈರಸ್ಸಿಗೆ ಬೇಕಾದ ಎಲ್ಲ ಸೂಚನೆಯೂ ಆ ಎಳೆಯಲ್ಲಿ ಬರೆದಿದೆ, ಒಟ್ಟು ಸುಮಾರು 10,700 ಅಕ್ಷರಗಳಲ್ಲಿ.

ಈ ಎಳೆಯನ್ನು ಸುತ್ತಿಕೊಂಡು ಇರುವ ಪ್ರೋಟೀನು ಸಿ. ಅದರ ಹೊರಗೆ ಕೊಬ್ಬಿನ ಪದರ. ಆ ಪದರದಲ್ಲಿ ನಾಟಿಕೊಂಡಿರುವುದು ಎಂ ಮತ್ತು ಇ ಎಂಬ ಎರಡು ಪ್ರೋಟೀನು. ಇ ಎಂಬುದು ನಮ್ಮ ಜೀವಕೋಶಕ್ಕೆ ಅಂಟಿಕೊಂಡು ಒಳಗೆ ನುಗ್ಗಲು ಬೇಕು. ಇಷ್ಟೇ. ಈ ಮೂರಕ್ಕೆ ‘ರಚನಾ ಪ್ರೋಟೀನು’ ಎನ್ನುತ್ತಾರೆ, ಕಣ ಕಟ್ಟಿರುವುದೇ ಇವುಗಳಿಂದ.

ಇವು ಮೂರೂ ವೈರಸ್ಸನ್ನು ಒಂದು ಜೀವಕೋಶದಿಂದ ಇನ್ನೊಂದಕ್ಕೆ, ಸೊಳ್ಳೆಯಿಂದ ಮನುಷ್ಯನಿಗೆ ಸಾಗಿಸಲು ಸಾಕು. ಒಂದು ಕಣದಿಂದ ಸಾವಿರಾರು ಕಣ ಹುಟ್ಟಿಸಲು ಸಾಲವು.

ಉಳಿದ ಏಳು

ಗದಗ-ಬೆಟಗೇರಿಯ ನೇಕಾರರ ಮನೆಯಿಂದ ಹೊರಗೆ ಹೋಗುವುದು ಸೀರೆ ಮಾತ್ರ. ಮಗ್ಗ, ಲಾಳಿ ಅಲ್ಲೇ ಉಳಿಯುತ್ತವೆ. ಸೀರೆಯನ್ನು ಎಷ್ಟು ಬಿಚ್ಚಿದರೂ ಅದರಲ್ಲಿ ಲಾಳಿ ಸಿಗುವುದಿಲ್ಲ, ಆದರೆ ಲಾಳಿ ಇಲ್ಲದೆ ಸೀರೆ ಹುಟ್ಟುವುದೂ ಇಲ್ಲ. ವೈರಸ್ ಕಣಕ್ಕೂ ರಚನೇತರ ಪ್ರೋಟೀನಿಗೂ ಇರುವ ಸಂಬಂಧ ಹೀಗೇ. ಒಂದು ವ್ಯತ್ಯಾಸ ಇದೆ: ಡೆಂಗ್ಯೂ ತನ್ನ ಮಗ್ಗ ಮಾಡುವ ವಿಧಾನವನ್ನೂ ಎಳೆಯಲ್ಲಿ ಬರೆದುಕೊಂಡು ಹೋಗುತ್ತದೆ. ಹೋದ ಪ್ರತಿ ಜೀವಕೋಶದಲ್ಲೂ ಅದನ್ನು ಹೊಸದಾಗಿ ಮಾಡಿಸುತ್ತದೆ.

ಒಳಗೆ ನಡೆಯುವುದು ಹೀಗೆ. ವೈರಸ್ಸಿನ ಆರ್‌ಎನ್‌ಎ ಜೀವಕೋಶದೊಳಗೆ ಬಿಡುಗಡೆ ಆದ ತಕ್ಷಣ, ನಮ್ಮ ಜೀವಕೋಶ ಅದನ್ನು ತನ್ನದೇ ಸೂಚನೆ ಎಂಬಂತೆ ಓದಲು ಶುರು ಮಾಡುತ್ತದೆ. ಓದಿ, ಸುಮಾರು 3,400 ಅಮೈನೋ ಆಮ್ಲಗಳ, ಅಂದರೆ ಪ್ರೋಟೀನಿನ ಬಿಡಿ ಕೊಂಡಿಗಳ, ಒಂದೇ ಉದ್ದನೆಯ ಸರಪಳಿ ತಯಾರಿಸುತ್ತದೆ. ಆ ಸರಪಳಿಯಲ್ಲಿ 10 ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮೊದಲ ಮೂರು ರಚನಾ ಪ್ರೋಟೀನು. ನಂತರದ ಏಳು ರಚನೇತರ: ಎನ್‌ಎಸ್‌1, 2ಎ, 2ಬಿ, 3, 4ಎ, 4ಬಿ, 5.

ಸರಪಳಿ ತುಂಡಾಗಬೇಕಲ್ವಾ? ಕೆಲವು ಕಡೆ ನಮ್ಮ ಜೀವಕೋಶದ ಕಿಣ್ವಗಳೇ, ಅಂದರೆ ಇಂಥ ರಾಸಾಯನಿಕ ಕೆಲಸ ಮಾಡುವ ಪ್ರೋಟೀನುಗಳೇ, ಕತ್ತರಿಸುತ್ತವೆ. ಉಳಿದ ಕಡೆ ಎನ್‌ಎಸ್‌3 ಕತ್ತರಿಸುತ್ತದೆ, ಎನ್‌ಎಸ್‌2ಬಿ ಅದಕ್ಕೆ ಆಸರೆ. ಎನ್‌ಎಸ್‌3 ತಾನೂ ಆ ಸರಪಳಿಯ ಭಾಗವೇ, ತನ್ನನ್ನು ತಾನೇ ಬಿಡಿಸಿಕೊಳ್ಳುತ್ತದೆ! ಅದಕ್ಕೆ ಇನ್ನೊಂದು ಕೆಲಸವೂ ಇದೆ. ನಕಲು ಮಾಡುವಾಗ ಜೋಡಿಯಾಗಿ ಹೆಣೆದುಕೊಂಡ ಆರ್‌ಎನ್‌ಎ ಎಳೆಗಳನ್ನು ಬಿಡಿಸುವುದು ಅದೇ.

ಎಲ್ಲಕ್ಕಿಂತ ದೊಡ್ಡದು ಎನ್‌ಎಸ್‌5, ಸುಮಾರು 900 ಅಮೈನೋ ಆಮ್ಲದ್ದು. ಆರ್‌ಎನ್‌ಎ ನೋಡಿ ಆರ್‌ಎನ್‌ಎ ನಕಲು ಮಾಡುವುದು ಇದರ ಕೆಲಸ. ವೈರಸ್ಸಿನ ಉದ್ದನೆಯ ಆರ್‌ಎನ್‌ಎಯನ್ನು ಹೀಗೆ ನಕಲು ಮಾಡಿಕೊಡುವ ಕಿಣ್ವ ನಮ್ಮ ಜೀವಕೋಶದಲ್ಲಿ ಇಲ್ಲ. ನಮ್ಮಲ್ಲಿ ಸೂಚನೆ ಡಿಎನ್‌ಎಯಲ್ಲಿ ಇರುತ್ತದೆ, ಅದರಿಂದ ಆರ್‌ಎನ್‌ಎ ಆಗುತ್ತದೆ. ಹಾಗಾಗಿ ಈ ಕಿಣ್ವವನ್ನು ವೈರಸ್ ತಾನೇ ಮಾಡಿಸಿಕೊಳ್ಳಬೇಕು. ಎನ್‌ಎಸ್‌5 ಅಕ್ಷರ ತಪ್ಪುವುದು ಜಾಸ್ತಿ, ತಿದ್ದುವ ವ್ಯವಸ್ಥೆಯೂ ಇಲ್ಲ. ವೈರಸ್ ಕಾಲಕಾಲಕ್ಕೆ ಬದಲಾಗುತ್ತಾ ಹೋಗಲು ಇದೊಂದು ಕಾರಣ.

2ಎ, 4ಎ, 4ಬಿ ಚಿಕ್ಕವು. ಜೀವಕೋಶದ ಒಳಗಿನ ಪೊರೆಗಳನ್ನು ಬಗ್ಗಿಸಿ, ಮಡಚಿ, ಈ ನಕಲಿನ ಕೆಲಸ ನಡೆಯಲು ಮರೆಯಾದ ಜಾಗ ಮಾಡಿಕೊಡುವುದರಲ್ಲಿ ಇವುಗಳ ಪಾಲು ದೊಡ್ಡದು.

ನಮ್ಮ ಪಕ್ಕದ ಮಲೆನಾಡಿನ ಮಂಗನ ಕಾಯಿಲೆಯ ವೈರಸ್, ಜಪಾನೀಸ್ ಮಿದುಳು ಜ್ವರದ ವೈರಸ್, ಝೀಕಾ ಎಲ್ಲ ಡೆಂಗ್ಯೂವಿನ ಕುಟುಂಬದವೇ. ಅವುಗಳಲ್ಲೂ ಇದೇ ಲೆಕ್ಕ: ಮೂರು ರಚನಾ, ಏಳು ರಚನೇತರ.

ಎಲ್ಲ ವೈರಸ್ಸೂ ಹೀಗಲ್ಲ ಎನ್ನುವುದನ್ನೂ ಹೇಳಬೇಕು. ಹುಚ್ಚುನಾಯಿ ಕಡಿತದಿಂದ ಬರುವ ರೇಬೀಸ್ ವೈರಸ್ಸಿನ ಆರ್‌ಎನ್‌ಎಯನ್ನು ನಮ್ಮ ಜೀವಕೋಶ ನೇರವಾಗಿ ಓದಲಾರದು. ಅದಕ್ಕೇ ಅದು ನಕಲು ಮಾಡುವ ಕಿಣ್ವವನ್ನು ಕಣದೊಳಗೆ ಇಟ್ಟುಕೊಂಡೇ ಬರುತ್ತದೆ.

ನಮ್ಮ ರಕ್ಷಣೆಯನ್ನು ಮೊದಲೇ ತಡೆಯುವುದು

ನಕಲು ಮಾಡುವುದು ಅರ್ಧ ಕೆಲಸ. ಇನ್ನರ್ಧ, ಸಿಕ್ಕಿಬೀಳದೆ ಉಳಿಯುವುದು.

ಜೀವಕೋಶಕ್ಕೆ ವೈರಸ್ ಬಂದ ಸುಳಿವು ಸಿಕ್ಕರೆ ಅದು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಗೆ ಬಿಡುತ್ತದೆ. ಅಕ್ಕಪಕ್ಕದ ಜೀವಕೋಶಗಳು ಅದನ್ನು ಪಡೆದು ಎಚ್ಚರವಾಗುತ್ತವೆ. ಎಚ್ಚರದ ಸಂದೇಶ ಜೀವಕೋಶದೊಳಗೆ ದಾಟಬೇಕಾದರೆ ಸ್ಟ್ಯಾಟ್‌2 ಎಂಬ ನಮ್ಮದೇ ಪ್ರೋಟೀನು ಬೇಕು. ಎನ್‌ಎಸ್‌5 ನೇರವಾಗಿ ಅದಕ್ಕೇ ಅಂಟಿಕೊಂಡು ಅದನ್ನು ನಾಶ ಮಾಡಿಸುತ್ತದೆ. ಸಂದೇಶ ಬಂದರೂ ಮುಂದಕ್ಕೆ ಹೋಗುವುದಿಲ್ಲ.

ಇಲಿಯ ಸ್ಟ್ಯಾಟ್‌2ಗೆ ಎನ್‌ಎಸ್‌5 ಹಾಗೆ ಅಂಟಿಕೊಳ್ಳುವುದಿಲ್ಲ. ಪ್ರಯೋಗಾಲಯದ ಸಾಮಾನ್ಯ ಇಲಿಗಳಿಗೆ ಡೆಂಗ್ಯೂ ಸರಿಯಾಗಿ ತಗುಲದಿರಲು ಇದೂ ಒಂದು ಕಾರಣ. ಡೆಂಗ್ಯೂ ಔಷಧ ಹುಡುಕುವವರಿಗೆ ಇದು ದೊಡ್ಡ ತೊಡಕೇ ಆಗಿದೆ.

ಕಾಯಿಲೆ ಬಂತು ಎಂದರೆ ವೈರಸ್ ನಮ್ಮನ್ನು ‘ತಿನ್ನುತ್ತಿದೆ’ ಎಂದು ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಜೀವಕೋಶದೊಳಗೆ ನಿಜವಾಗಿ ಕೆಲಸ ಮಾಡುತ್ತಿರುವುದು ಬಹುಪಾಲು ಈ ಹೊರಗೆ ಕಾಣದ ಪ್ರೋಟೀನುಗಳು.

ಎನ್‌ಎಸ್‌1 ಯಾಕೆ ಬೇರೆ?

ಏಳರಲ್ಲಿ ಆರು ಜೀವಕೋಶದೊಳಗೇ ಉಳಿಯುತ್ತವೆ. ಎನ್‌ಎಸ್‌1 ಮಾತ್ರ ಮೂರು ಕಡೆ ಇರುತ್ತದೆ. ಸ್ವಲ್ಪ ಭಾಗ ಒಳಗಿದ್ದು ನಕಲಿನ ಕೆಲಸಕ್ಕೆ ನೆರವಾಗುತ್ತದೆ. ಸ್ವಲ್ಪ ಜೀವಕೋಶದ ಹೊರಮೈಗೆ ಅಂಟಿಕೊಳ್ಳುತ್ತದೆ. ಉಳಿದದ್ದು ಆರಾರು ಸೇರಿ ಪೀಪಾಯಿಯಂತೆ ಜೋಡಿಸಿಕೊಂಡು, ನಡುವೆ ಕೊಬ್ಬು ತುಂಬಿಕೊಂಡು, ರಕ್ತಕ್ಕೆ ಬರುತ್ತದೆ. ಲ್ಯಾಬಿನವರು ಹಿಡಿಯುವುದು ಹೀಗೆ ರಕ್ತಕ್ಕೆ ಬಂದದ್ದನ್ನೇ.

ರಕ್ತದಲ್ಲಿ ಅದು ಸುಮ್ಮನೆ ತೇಲುತ್ತಿರುವುದಿಲ್ಲ. ರಕ್ತನಾಳಗಳ ಒಳಗೋಡೆಯ ಜೀವಕೋಶಗಳ ಮೇಲೆ ಸಕ್ಕರೆ ಅಂಶದ ಒಂದು ತೆಳು ಲೇಪ ಇದೆ. ಎನ್‌ಎಸ್‌1 ಆ ಲೇಪ ಹಾಳಾಗುವಂತೆ ಮಾಡುತ್ತದೆ. ಆಗ ಗೋಡೆ ಸಡಿಲವಾಗಿ ರಕ್ತದ ನೀರಿನ ಅಂಶ, ಅಂದರೆ ಪ್ಲಾಸ್ಮಾ, ಹೊರಗೆ ಸೋರುತ್ತದೆ. ವೈರಸ್ ಇಲ್ಲದೆ ಬರೀ ಎನ್‌ಎಸ್‌1 ಕೊಟ್ಟರೂ ಇಲಿಗಳಲ್ಲಿ ರಕ್ತನಾಳ ಸೋರುತ್ತದೆ ಎಂದು 2015ರಲ್ಲಿ ವಿಜ್ಞಾನಿಗಳು ತೋರಿಸಿದರು. ಡೆಂಗ್ಯೂವಿನಲ್ಲಿ ಜೀವಕ್ಕೆ ಹೆಚ್ಚು ಅಪಾಯ ತರುವುದು ಈ ಸೋರಿಕೆಯೇ. ಸೋರಿಕೆಗೆ ನಮ್ಮ ದೇಹದ ಅತಿಯಾದ ಉರಿಯೂತವೂ ಕಾರಣ, ಎನ್‌ಎಸ್‌1 ಒಂದೇ ಅಲ್ಲ. ಆದರೂ ಕಣದಲ್ಲೇ ಇಲ್ಲದ ಒಂದು ಪ್ರೋಟೀನು ಇಷ್ಟು ಮಾಡುತ್ತದೆ ಎನ್ನುವುದು ಡೆಂಗ್ಯೂ ಬಗ್ಗೆ ಕಳೆದ ಕೆಲವು ದಶಕಗಳಲ್ಲಿ ತಿಳಿದ ಅತಿ ಮುಖ್ಯ ಸಂಗತಿಗಳಲ್ಲಿ ಒಂದು ಎಂದೇ ನನ್ನ ಎಣಿಕೆ.

ಸೊಳ್ಳೆಗೂ ಇದರಿಂದ ವೈರಸ್ ಸುಲಭವಾಗಿ ಹತ್ತುತ್ತದೆ. ರೋಗಿಯ ರಕ್ತ ಹೀರುವ ಸೊಳ್ಳೆಯ ಹೊಟ್ಟೆಗೆ ವೈರಸ್ಸಿನ ಜೊತೆ ಎನ್‌ಎಸ್‌1 ಕೂಡ ಹೋಗುತ್ತದೆ. ಅದು ಸೊಳ್ಳೆಯ ಕರುಳಿನ ರಕ್ಷಣೆಯನ್ನು ತಗ್ಗಿಸಿ, ವೈರಸ್ ಅಲ್ಲಿ ನೆಲೆಯೂರಲು ಅನುಕೂಲ ಮಾಡುತ್ತದೆ. ಜ್ವರದವರನ್ನು ಹಗಲಿನಲ್ಲೂ ಸೊಳ್ಳೆ ಪರದೆಯಲ್ಲಿ ಇಡಿ ಎಂದು ಹೇಳುವುದು ಯಾಕೆಂದು ಈಗ ಗೊತ್ತಾಗುತ್ತದೆ. ಈಡಿಸ್ ಕಚ್ಚುವುದು ಹಗಲಲ್ಲೇ.

ರಿಪೋರ್ಟನ್ನು ದಿನದ ಲೆಕ್ಕದಲ್ಲಿ ಓದಿ

ಎನ್‌ಎಸ್‌1 ಜ್ವರ ಬಂದ ಮೊದಲ ದಿನದಿಂದಲೇ ರಕ್ತದಲ್ಲಿ ಸಿಗುತ್ತದೆ. ನಮ್ಮ ದೇಹ ವೈರಸ್ಸಿನ ವಿರುದ್ಧ ಮಾಡುವ ರಕ್ಷಣೆಯ ಪ್ರೋಟೀನುಗಳಾದ ಪ್ರತಿಕಾಯಗಳು, ಅವುಗಳಲ್ಲಿ ಒಂದು ಬಗೆಯಾದ ಐಜಿಎಂ, ತಡವಾಗಿ ಬರುತ್ತವೆ. ಸಾಮಾನ್ಯವಾಗಿ 4-5ನೇ ದಿನದ ಹೊತ್ತಿಗೆ ಕಾಣಲು ಶುರುವಾಗುತ್ತವೆ. ಅದಕ್ಕೇ ಮೊದಲ 5 ದಿನದಲ್ಲಿ ಎನ್‌ಎಸ್‌1, ಆಮೇಲೆ ಐಜಿಎಂ ನೋಡುವುದು ನಮ್ಮ ದೇಶದ ಕ್ರಮ. ಎರಡರಲ್ಲೂ ಎಲೈಸಾ ವಿಧಾನವೇ ಹೆಚ್ಚು ನಂಬಿಕೆಗೆ ಅರ್ಹ, ಕಾರ್ಡ್ ಟೆಸ್ಟು ಬೇಗ ಸಿಗುವ ಸೂಚನೆ ಅಷ್ಟೇ. ಜಿಲ್ಲಾ ಮಟ್ಟದ ಸರ್ಕಾರಿ ಲ್ಯಾಬುಗಳಲ್ಲಿ ಬಳಸುವ ಐಜಿಎಂ ಕಿಟ್ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ತಯಾರಿಸಿದ್ದು.

ಎನ್‌ಎಸ್‌1 ನೆಗೆಟಿವ್ ಬಂದರೆ ಡೆಂಗ್ಯೂ ಇಲ್ಲ ಎಂದು ತೀರ್ಮಾನಿಸಬಾರದು. ಜ್ವರದ 6 ಅಥವಾ 7ನೇ ದಿನ ಪರೀಕ್ಷೆಗೆ ಹೋದರೆ ಎನ್‌ಎಸ್‌1 ಆಗಲೇ ಇಳಿದಿರಬಹುದು. ಹಿಂದೊಮ್ಮೆ ಡೆಂಗ್ಯೂ ಬಂದು ಹೋದವರಲ್ಲಿ ಇನ್ನೊಂದು ಕಾರಣವೂ ಇದೆ. ಅವರ ರಕ್ತದಲ್ಲಿ ಹಳೆಯ ಪ್ರತಿಕಾಯಗಳು ಬೇಗ ಎಚ್ಚೆತ್ತು ಎನ್‌ಎಸ್‌1ಗೆ ಅಂಟಿಕೊಂಡುಬಿಡುತ್ತವೆ. ಕಿಟ್ ಅದನ್ನು ಹಿಡಿಯಲಾಗದೆ ‘ನೆಗೆಟಿವ್’ ತೋರಿಸುತ್ತದೆ. ಎರಡನೇ ಸಲದ ಡೆಂಗ್ಯೂವೇ ತೀವ್ರವಾಗುವ ಸಾಧ್ಯತೆ ಜಾಸ್ತಿ ಇರುವುದರಿಂದ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಸಂಶಯ ಇದ್ದರೆ ಡಾಕ್ಟರು ಐಜಿಎಂ ಮತ್ತು ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಜೊತೆ ಸೇರಿಸಿ ಓದುತ್ತಾರೆ.

ಜ್ವರ ಇಳಿದ ಮೇಲೆ ನಿರಾಳ ಎಂದುಕೊಳ್ಳುವುದೂ ಸರಿಯಲ್ಲ. ಪ್ಲಾಸ್ಮಾ ಸೋರುವ ಅಪಾಯದ ಹೊತ್ತು ಬರುವುದು ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, ಜ್ವರ ಇಳಿಯುವಾಗಲೇ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲೋ ಮೂಗಿನಲ್ಲೋ ರಕ್ತ, ಮಂಪರು, ಕೈಕಾಲು ತಣ್ಣಗಾಗುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ನೋವಿನ ಗುಳಿಗೆಯಲ್ಲಿ ಅವು ಇವೆಯೇ ಎಂದು ನೋಡಿಕೊಳ್ಳಿ.

ಔಷಧ ಮಾಡುವವರ ಕಣ್ಣು ಇಲ್ಲೇ

ವೈರಸ್ಸಿಗೆ ಔಷಧ ಮಾಡುವುದು ಕಷ್ಟ. ಅದು ಬಹುತೇಕ ನಮ್ಮ ಜೀವಕೋಶದ ಸಲಕರಣೆಯನ್ನೇ ಬಳಸುತ್ತದೆ, ಅದನ್ನು ಕೆಡಿಸಿದರೆ ನಮಗೇ ತೊಂದರೆ. ಕತ್ತರಿಸುವ ಕಿಣ್ವ, ನಕಲು ಮಾಡುವ ಕಿಣ್ವ ಮಾತ್ರ ವೈರಸ್ಸಿನದೇ ಆದವು. ಅವುಗಳಿಗೆ ಸರಿಯಾಗಿ ಹೊಂದುವ ರಾಸಾಯನಿಕ ಸಿಕ್ಕರೆ ನಮಗೆ ಹೆಚ್ಚು ಹಾನಿ ಇಲ್ಲದೆ ವೈರಸ್ಸನ್ನು ತಡೆಯಬಹುದು.

ಇದು ಎಷ್ಟು ಚೆನ್ನಾಗಿ ಫಲ ಕೊಡುತ್ತದೆ ಎಂದು ತೋರಿಸಿದ್ದು ಹೆಪಟೈಟಿಸ್ ಸಿ. ಲಿವರನ್ನು ವರ್ಷಗಟ್ಟಲೆ ಹಾಳುಮಾಡುವ ಈ ವೈರಸ್ಸನ್ನು ಗುರುತಿಸಿದ್ದು 1989ರಲ್ಲಿ. 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೊಫೊಸ್‌ಬುವಿರ್ ಅದರ ಎನ್‌ಎಸ್‌5ಬಿ ಎಂಬ ನಕಲಿನ ಕಿಣ್ವವನ್ನು ತಡೆಯುತ್ತದೆ. ಡಕ್ಲಾಟಸ್‌ವಿರ್ ತಡೆಯುವುದು ಎನ್‌ಎಸ್‌5ಎಯನ್ನು. ಎರಡನ್ನೂ ಸಾಮಾನ್ಯವಾಗಿ 12 ವಾರ ನುಂಗಿದರೆ 100ರಲ್ಲಿ 90ಕ್ಕೂ ಹೆಚ್ಚು ಜನ ಪೂರ್ತಿ ಗುಣವಾಗುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಗುಳಿಗೆಗಳು ಉಚಿತ.

ಕೊರೋನಾ ಕಾಲದ ಆರ್‌ಟಿ-ಪಿಸಿಆರ್ ರಿಪೋರ್ಟ್ ಯಾರ ಬಳಿಯಾದರೂ ಇದ್ದರೆ ತೆಗೆದು ನೋಡಿ. ‘ಓಆರ್‌ಎಫ್‌1ಎಬಿ’ ಅಥವಾ ‘ಆರ್‌ಡಿಆರ್‌ಪಿ’ ಎಂದು ಎಷ್ಟೋ ರಿಪೋರ್ಟುಗಳಲ್ಲಿ ಇರುತ್ತದೆ. ಅದು ರಚನೇತರ ಪ್ರೋಟೀನುಗಳ ಸೂಚನೆ ಬರೆದಿರುವ ಭಾಗದ ಹೆಸರು. ಕೊರೋನಾದಲ್ಲಿ ಅಂಥವು 16. ರೆಮ್‌ಡೆಸಿವಿರ್ ತಡೆಯುವುದು ಅದರಲ್ಲಿ 12ನೆಯದನ್ನು, ಪ್ಯಾಕ್ಸ್‌ಲೊವಿಡ್‌ನಲ್ಲಿರುವ ನಿರ್ಮಾಟ್ರೆಲ್‌ವಿರ್ 5ನೆಯದನ್ನು.

ಡೆಂಗ್ಯೂಗೆ ಮಾತ್ರ ಇನ್ನೂ ಇಂಥ ಗುಳಿಗೆ ಬಳಕೆಗೆ ಬಂದಿಲ್ಲ. ಎನ್‌ಎಸ್‌3 ಮತ್ತು ಎನ್‌ಎಸ್‌4ಬಿ ಒಂದಕ್ಕೊಂದು ಸೇರದಂತೆ ತಡೆಯುವ ಔಷಧಗಳು ಮನುಷ್ಯರ ಮೇಲಿನ ಪ್ರಯೋಗದವರೆಗೆ ಬಂದಿವೆ.

ಲಸಿಕೆಯಲ್ಲಿ ಬಿಟ್ಟುಹೋದದ್ದು

ಡೆಂಗ್ಯೂಗೆ ಮೊದಲು ಪರವಾನಗಿ ಸಿಕ್ಕ ಲಸಿಕೆ ಡೆಂಗ್‌ವ್ಯಾಕ್ಸಿಯಾ, 2015ರಲ್ಲಿ. ಅದನ್ನು ಮಾಡಿದ್ದು ಹಳದಿ ಜ್ವರದ ಲಸಿಕೆ ವೈರಸ್ಸಿಗೆ ಡೆಂಗ್ಯೂವಿನ ಹೊರಮೈ ಪ್ರೋಟೀನು ಜೋಡಿಸಿ. ಅಂದರೆ ಹೊರಗೆ ಡೆಂಗ್ಯೂ, ರಚನೇತರ ಪ್ರೋಟೀನುಗಳೆಲ್ಲ ಹಳದಿ ಜ್ವರದವು. 2017ರಲ್ಲಿ ಒಂದು ಆತಂಕದ ಸಂಗತಿ ಹೊರಬಂತು: ಮೊದಲು ಡೆಂಗ್ಯೂ ಬಾರದವರು ಈ ಲಸಿಕೆ ಪಡೆದರೆ, ಮುಂದೆ ಡೆಂಗ್ಯೂ ಬಂದಾಗ ತೀವ್ರವಾಗುವ ಅಪಾಯ ಜಾಸ್ತಿ.

ಯಾಕೆ ಹೀಗೆ? ಡೆಂಗ್ಯೂವಿನಲ್ಲಿ ನಾಲ್ಕು ಬಗೆ ಇವೆ. ಒಂದು ಬಗೆಯ ಹೊರಮೈಗೆ ಅರೆಬರೆ ಹೊಂದುವ ಪ್ರತಿಕಾಯ ಇನ್ನೊಂದು ಬಗೆಗೆ ಅಂಟಿಕೊಂಡರೆ, ತಡೆಯುವ ಬದಲು ಅದನ್ನು ಜೀವಕೋಶದೊಳಗೆ ಕರೆದೊಯ್ಯಬಹುದು. ಎನ್‌ಎಸ್‌1 ವಿರುದ್ಧದ ಪ್ರತಿಕಾಯಕ್ಕೆ ಈ ದೋಷ ಬರಲಾರದು, ಯಾಕೆಂದರೆ ಕಣದ ಮೇಲೆ ಎನ್‌ಎಸ್‌1 ಇಲ್ಲವೇ ಇಲ್ಲ. ಸೋಂಕಿದ ಜೀವಕೋಶಗಳನ್ನು ಹುಡುಕಿ ಕೊಲ್ಲುವ ನಮ್ಮ ಟಿ-ಜೀವಕೋಶಗಳು ಗುರುತಿಸುವುದೂ ಹೆಚ್ಚಾಗಿ ಎನ್‌ಎಸ್‌3, ಎನ್‌ಎಸ್‌5ರಂಥವುಗಳ ತುಣುಕುಗಳನ್ನೇ. ಈಗಿನ ಲಸಿಕೆಗಳು ಡೆಂಗ್ಯೂವಿನದೇ ರಚನೇತರ ಪ್ರೋಟೀನುಗಳನ್ನು ಉಳಿಸಿಕೊಳ್ಳುತ್ತಿವೆ. ಭಾರತದಲ್ಲಿ 2024ರ ಆಗಸ್ಟಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆ ಮೂರನೇ ಹಂತದ ಪ್ರಯೋಗ ಶುರು ಮಾಡಿದ ಪನೇಸಿಯಾ ಬಯೋಟೆಕ್‌ನ ಡೆಂಗಿಆಲ್ ಕೂಡ ಆ ಬಗೆಯದು.

ಹೊಲದಲ್ಲಿ, ಕೊಟ್ಟಿಗೆಯಲ್ಲಿ

ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರಿಗೆ ಎಲೆ ಮುಟುರು ರೋಗ ಗೊತ್ತು. ನುಸಿಗಳಿಂದಲೂ ಎಲೆ ಮುದುಡುತ್ತದೆ, ಬಿಳಿನೊಣ ತರುವ ವೈರಸ್ಸಿನಿಂದಲೂ ಮುದುಡುತ್ತದೆ. ಆ ವೈರಸ್ಸಿನ ಕಣದಲ್ಲಿ ಇರುವ ಪ್ರೋಟೀನು ಒಂದೇ, ಹೊದಿಕೆ. ಎಲೆ ಮುದುಡಿಸುವುದು ಆ ಹೊದಿಕೆ ಅಲ್ಲ. ವೈರಸ್ಸಿನ ಜೊತೆ ಬರುವ ಬೀಟಾ ಉಪಗ್ರಹ ಎಂಬ ಪುಟ್ಟ ಡಿಎನ್‌ಎಯಿಂದ ಹುಟ್ಟುವ ಪ್ರೋಟೀನು ಗಿಡದ ರಕ್ಷಣೆಯನ್ನು ಮುರಿದು, ಎಲೆಯ ಬೆಳವಣಿಗೆಯನ್ನೇ ತಪ್ಪಿಸುತ್ತದೆ.

ದನಕರುಗಳ ಕಾಲುಬಾಯಿ ಬೇನೆಯಲ್ಲಿ ರಚನೇತರ ಪ್ರೋಟೀನು ಇನ್ನೊಂದು ರೀತಿಯಲ್ಲಿ ಉಪಯೋಗಕ್ಕೆ ಬರುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆಕಳು, ಎತ್ತು, ಎಮ್ಮೆಗಳಿಗೆ 6 ತಿಂಗಳಿಗೊಮ್ಮೆ ಲಸಿಕೆ ಹಾಕುವುದು ಗುರಿ. ಲಸಿಕೆ ಹಾಕಿದ ಎಮ್ಮೆಯ ರಕ್ತದಲ್ಲಿ ಪ್ರತಿಕಾಯ ಇರುತ್ತದೆ. ಬೇನೆ ಬಂದು ಹೋದ ಎಮ್ಮೆಯಲ್ಲೂ ಇರುತ್ತದೆ. ಹಾಗಿದ್ದರೆ ವೈರಸ್ ಊರಲ್ಲಿ ಇನ್ನೂ ಓಡಾಡುತ್ತಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ?

ಲಸಿಕೆಯಲ್ಲಿ ಇರುವುದು ಕೊಂದ ವೈರಸ್. ಅದು ದನದ ಮೈಯಲ್ಲಿ ಬೆಳೆಯುವುದಿಲ್ಲ, ಹಾಗಾಗಿ ಅಲ್ಲಿ ರಚನೇತರ ಪ್ರೋಟೀನು ಹುಟ್ಟುವುದಿಲ್ಲ. ಲಸಿಕೆ ತಯಾರಿಸುವಾಗ ವೈರಸ್ಸನ್ನು ಜೀವಕೋಶಗಳಲ್ಲಿ ಬೆಳೆಸಿದ್ದರಿಂದ ಅಲ್ಲಿ ಉಳಿದ ರಚನೇತರ ಪ್ರೋಟೀನನ್ನು ಕಾರ್ಖಾನೆಯಲ್ಲೇ ಶುದ್ಧ ಮಾಡಿ ತೆಗೆಯುತ್ತಾರೆ. ನಿಜವಾದ ವೈರಸ್ ಬಂದ ದನದಲ್ಲಿ ಮಾತ್ರ ಅವು ಹುಟ್ಟುತ್ತವೆ, ಅವುಗಳ ವಿರುದ್ಧ ಪ್ರತಿಕಾಯವೂ ಹುಟ್ಟುತ್ತದೆ. ರಕ್ತದಲ್ಲಿ ಕಣದ ಪ್ರೋಟೀನಿನ ವಿರುದ್ಧ ಪ್ರತಿಕಾಯ ಮಾತ್ರ ಸಿಕ್ಕರೆ ಅದು ಲಸಿಕೆಯದು. 3ಎಬಿಯಂಥ ರಚನೇತರ ಪ್ರೋಟೀನಿನ ವಿರುದ್ಧವೂ ಸಿಕ್ಕರೆ ವೈರಸ್ ಬಂದು ಹೋಗಿದೆ. ಈ ಪರೀಕ್ಷೆಯ ಕಿಟ್ಟನ್ನು ನಮ್ಮ ದೇಶದ ವಿಜ್ಞಾನಿಗಳೇ ತಯಾರಿಸಿದ್ದಾರೆ.

ಸರಿಯಾಗಿ ಶುದ್ಧ ಮಾಡದ ಲಸಿಕೆಯನ್ನು ಮತ್ತೆ ಮತ್ತೆ ಹಾಕಿದರೆ ಲೆಕ್ಕ ತಪ್ಪುತ್ತದೆ, ಬೇನೆ ಬಾರದ ದನವೂ ಬಂದಂತೆ ತೋರುತ್ತದೆ. ಅದಕ್ಕೇ ಲಸಿಕೆಯ ಗುಣಮಟ್ಟ ನೋಡುವಾಗ ಇದನ್ನೂ ಪರೀಕ್ಷಿಸುತ್ತಾರೆ. ಲಸಿಕೆ ಹಾಕುತ್ತಲೇ ಒಂದು ಪ್ರದೇಶ ಕಾಲುಬಾಯಿ ಬೇನೆಯಿಂದ ಮುಕ್ತವಾಗಿದೆ ಎಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆಯಬೇಕಾದರೆ, ಅಲ್ಲಿ ವೈರಸ್ ಹರಡುತ್ತಿಲ್ಲ ಎಂದು ತೋರಿಸಬೇಕು. ಆ ಸಾಕ್ಷಿಯ ಮುಖ್ಯ ಭಾಗ ಈ ರಕ್ತಪರೀಕ್ಷೆ. ಪಶು ವೈದ್ಯರು ಲಸಿಕೆ ಹಾಕಿದ ಮೇಲೂ ಬಂದು ನಿಮ್ಮ ಎಮ್ಮೆಯ ರಕ್ತ ಕೇಳಿದರೆ, ಲಸಿಕೆ ಕೆಲಸ ಮಾಡಿದೆಯೇ ಎಂಬುದರ ಜೊತೆಗೆ ಈ ಪ್ರೋಟೀನುಗಳ ಸುಳಿವು ಇದೆಯೇ ಎಂದೂ ನೋಡುವುದಕ್ಕೆ.